ಪದಚರ್ಚೆ: ‘ನವೀಕರಿಸಿ’ ಎಂದರೆ ಮೂರರಲ್ಲಿ ಯಾವ ಕೆಲಸ?

ಬಳಗದ ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಎಂದರೆ ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ಉಬುಂಟು, ಡೆಬಿಯನ್ ಮುಂತಾದ ಅದರ ಬಗೆಗಳಲ್ಲಿ ಬೇರೆ ಬೇರೆಯಾಗಿ ನಡೆಯುವ ಮೂರು ಕೆಲಸಗಳಿಗೆ (ಸಿಗುವ ಸಾಫ್ಟ್‌ವೇರ್‌ಗಳ ಪಟ್ಟಿ ತರುವುದು, ಇರುವ ಸಾಫ್ಟ್‌ವೇರಿಗೆ ಬಂದ ಹೊಸದನ್ನು ಹಾಕುವುದು, ಇಡೀ ವ್ಯವಸ್ಥೆಯನ್ನು ಮುಂದಿನ ಬಿಡುಗಡೆಗೆ ಒಯ್ಯುವುದು) ನಾವು ಕನ್ನಡದಲ್ಲಿ ‘ನವೀಕರಣ’ ಎಂಬ ಒಂದೇ ಪದವನ್ನು ಬಳಸುತ್ತಿದ್ದೇವೆ. ಮೂರಕ್ಕೂ ಬೇರೆ ಪದ ಬೇಕು. ಮೊದಲನೆಯದಕ್ಕೂ ಕೊನೆಯದಕ್ಕೂ ನನ್ನಲ್ಲಿ ಪದಗಳಿವೆ. ಒಪ್ಪುವುದು, ಬಿಡುವುದು ನಿಮಗೆ ಬಿಟ್ಟದ್ದು. ನಡುವಿನದಕ್ಕೆ ಮನಸ್ಸಿಗೆ ಒಪ್ಪುವ ಪದ ಇನ್ನೂ ಸಿಕ್ಕಿಲ್ಲ. ಬಲ್ಲವರು ತಿಳಿಸಬೇಕು.

ಈ ಪ್ರಶ್ನೆ ಈಗ ಬಂದದ್ದಕ್ಕೆ ಕಾರಣವಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್‌ನಲ್ಲಾದರೆ ಎಂಟನೆಯ ತಲೆಮಾರಿನದ್ದೋ ಅದಕ್ಕೂ ಹೊಸದೋ ಆದ ಪ್ರೊಸೆಸರ್ ಕೇಳುತ್ತದೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಂಗಡಿಗಳಲ್ಲೂ ಮನೆಗಳಲ್ಲೂ ಇರುವ ಅನೇಕ ಯಂತ್ರಗಳು ಆ ಸಾಲಿಗೆ ಸೇರಿದವಲ್ಲ. ಎಸೆಯಲು ಮನಸ್ಸು ಬಾರದವರು ಲಿನಕ್ಸ್ ಹಾಕಿಕೊಡಿ ಎಂದು ಕೇಳುತ್ತಿದ್ದಾರೆ. ಮಕ್ಕಳಿಗೆ ಇದು ಹೊಸದಲ್ಲ. ಕೇರಳದ ಶಾಲೆಗಳಲ್ಲಿ ಸರಕಾರದ ಕೈಟ್ ಸಂಸ್ಥೆ ಉಬುಂಟುವಿನ ಮೇಲೆ ಕಟ್ಟಿದ ಕೈಟ್ ಗ್ನೂ ಲಿನಕ್ಸ್ ನಡೆಯುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಕೂಡ ಚಿತ್ರ ಮಾಡುವ ಜಿಂಪ್, ಇಂಕ್‌ಸ್ಕೇಪ್, ಕಚೇರಿ ಕೆಲಸದ ಲಿಬ್ರೆ ಆಫೀಸ್ ಕಲಿಯುವುದು ಅದರಲ್ಲೇ. ಹೊಸದಾಗಿರುವುದು ಅವರ ಅಪ್ಪ ಅಮ್ಮಂದಿರಿಗೆ. ಅಂಥವರಿಗಾಗಿ ನಮ್ಮೂರ ಗ್ರಂಥಾಲಯದಿಂದ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಅದರ ಭಾಷೆಯನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಪದಕ್ಕೆ ಹೋಗುವ ಮೊದಲು ಕೆಲಸಗಳೇನು ಎಂಬುದನ್ನು ನೋಡೋಣ. ಲಿನಕ್ಸ್ ಬಲ್ಲವರು ಈ ಭಾಗವನ್ನು ದಾಟಿ ಮುಂದೆ ಹೋಗಬಹುದು.

ಸಾಫ್ಟ್‌ವೇರ್ ತಂದು ಹಾಕುವ ಉಪಕರಣದ ಹೆಸರು ಆಪ್ಟ್; ಅದರ ಮುಂದೆ ‘ಸುಡೊ’ ಸೇರಿಸುವುದು ಯಂತ್ರದ ಮೇಲ್ವಿಚಾರಕನ ಅಧಿಕಾರದಿಂದ ಮಾಡು ಎನ್ನಲು. ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ‘ಸುಡೊ ಆಪ್ಟ್ ಅಪ್‌ಡೇಟ್’ ಎಂದು ಕೊಟ್ಟರೆ ಯಂತ್ರದಲ್ಲಿರುವ ಯಾವ ಸಾಫ್ಟ್‌ವೇರ್ ಕೂಡ ಬದಲಾಗುವುದಿಲ್ಲ. ಯಾವ ಪ್ಯಾಕೇಜ್‌ನ (ಹಾಕಲು ಕಟ್ಟಿಟ್ಟ ಸಾಫ್ಟ್‌ವೇರ್) ಯಾವ ಆವೃತ್ತಿ ಸರ್ವರಿನಲ್ಲಿ ಸಿಗುತ್ತದೆ ಎಂಬ ಪಟ್ಟಿ ಮಾತ್ರ ಹೊಸದಾಗಿ ಇಳಿಯುತ್ತದೆ. ರೇಷನ್ ಅಂಗಡಿಯ ಹಲಗೆಯಲ್ಲಿ ಈ ತಿಂಗಳು ಏನು ಬಂದಿದೆ ಎಂದು ಓದಿಕೊಂಡು ಬಂದಂತೆ. ಅಕ್ಕಿ ಇನ್ನೂ ಮನೆಗೆ ಬಂದಿಲ್ಲ. ಎರಡನೆಯದು ‘ಸುಡೊ ಆಪ್ಟ್ ಅಪ್‌ಗ್ರೇಡ್’. ಇದು ಆ ಪಟ್ಟಿಯನ್ನು ನೋಡಿ, ನಮ್ಮಲ್ಲಿ ಈಗಾಗಲೇ ಇರುವ ಪ್ಯಾಕೇಜ್‌ಗಳಿಗೆ ಬಂದಿರುವ ಹೊಸದನ್ನು ಇಳಿಸಿ ಹಾಕುತ್ತದೆ. ಇರುವ ಯಾವ ಪ್ಯಾಕೇಜನ್ನೂ ತೆಗೆದುಹಾಕುವುದಿಲ್ಲ. ತೆಗೆಯಬೇಕಾಗಿ ಬಂದರೆ ಅದಕ್ಕೆ ‘ಫುಲ್ ಅಪ್‌ಗ್ರೇಡ್’ ಎಂಬ ಬೇರೆ ಆದೇಶವಿದೆ. ಮೂರನೆಯದು ಇಡೀ ಉಬುಂಟುವನ್ನೇ ಮುಂದಿನ ಬಿಡುಗಡೆಗೆ ಒಯ್ಯುವುದು, ಅಂದರೆ 22.04ರಿಂದ 24.04ಕ್ಕೆ ಹೋಗುವುದು. ಈ ಅಂಕಿಗಳು ವರ್ಷ ಮತ್ತು ತಿಂಗಳು: 22.04 ಎಂದರೆ 2022ರ ಏಪ್ರಿಲ್. ದೀರ್ಘಾವಧಿ ಬೆಂಬಲದ ಬಿಡುಗಡೆ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಮುಖ್ಯ ಉಬುಂಟುವಿಗೆ ಐದು ವರ್ಷ ಸಾಮಾನ್ಯ ಬೆಂಬಲ ಸಿಗುತ್ತದೆ. ಹಳೆಯ ಯಂತ್ರಗಳಿಗೆ ಹಗುರವೆಂದು ನಾವು ಹಾಕಿಕೊಡುವ ಲುಬುಂಟು, ಕ್ಸುಬುಂಟುಗಳಿಗೆ ಮೂರೇ ವರ್ಷ. ಹಾಕಿಸಿಕೊಳ್ಳುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈಗ ಪದದಿಂದಾದ ತೊಂದರೆ. ಒಂದು ಕಡೆ ಹಂಚಿದ್ದ ಹಳೆಯ ಕನ್ನಡ ಟಿಪ್ಪಣಿಯಲ್ಲಿ ಮೊದಲ ಹೆಜ್ಜೆ ‘ಪ್ಯಾಕೇಜ್‌ಗಳನ್ನು ನವೀಕರಿಸಿ’, ಎರಡನೆಯ ಹೆಜ್ಜೆ ‘ಹೆಚ್ಚಿನ ನವೀಕರಣ ಮಾಡಿ’ ಎಂದಿತ್ತು. ಅದನ್ನು ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡುತ್ತಿದ್ದ ಒಬ್ಬ ಅಕ್ಕನ ಡಿಟಿಪಿ ಅಂಗಡಿಗೆ ಹೋಗಿದ್ದೆ. ‘ಮಾಷ್ಟ್ರೇ, ನಾನು ದಿನವೂ ಬೆಳಿಗ್ಗೆ ನವೀಕರಿಸಿದ ಮೇಲೆಯೇ ಕೆಲಸಕ್ಕೆ ಕೂರುವುದು’ ಎಂದರು. ಮಾಡಿ ತೋರಿಸಿದರು ಕೂಡ. ಗುಪ್ತಪದ ಹೊಡೆಯುವಾಗ ಪರದೆಯಲ್ಲಿ ಏನೂ ಮೂಡುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಹೊಸಬರು ಸಾಮಾನ್ಯವಾಗಿ ಅಲ್ಲೇ ಗಾಬರಿಯಾಗುತ್ತಾರೆ. ಸಾಲುಗಳು ಸರಸರನೆ ಓಡಿ ನಿಂತವು. ಕೊನೆಯ ಸಾಲಿನಲ್ಲಿ, ಇಷ್ಟು ಪ್ಯಾಕೇಜ್‌ಗಳನ್ನು ಅಪ್‌ಗ್ರೇಡ್ ಮಾಡಬಹುದು ಎಂದು ಇಂಗ್ಲಿಷಿನಲ್ಲಿತ್ತು. ಸಂಖ್ಯೆ ಮೂರಂಕಿಯದು. ಮೊಬೈಲ್ ಡೇಟಾ ಉಳಿಯಲೆಂದು, ತಾನಾಗಿ ನಡೆಯುವ ಭದ್ರತಾ ಅಪ್‌ಡೇಟನ್ನು ಯಾರೋ ನಿಲ್ಲಿಸಿ ಕೊಟ್ಟಿದ್ದರು. ಹಾಗಾಗಿ ದಿನವೂ ಪಟ್ಟಿ ಬರುತ್ತಿತ್ತೇ ಹೊರತು ಸರಕು ಬರುತ್ತಿರಲಿಲ್ಲ. ಎರಡನೆಯ ಹೆಜ್ಜೆಯನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ. ‘ಹೆಚ್ಚಿನ ನವೀಕರಣಕ್ಕೆ ದುಡ್ಡು ಕೊಡಬೇಕಲ್ಲ?’ ಎಂದರು.

ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಕಚೇರಿಯ ಕನ್ನಡದಲ್ಲಿ ನವೀಕರಣವೆಂದರೆ ಪರವಾನಗಿಯ ನವೀಕರಣ, ವಿಮೆಯ ನವೀಕರಣ. ಅಲ್ಲಿ ವಸ್ತು ಹೊಸದಾಗುವುದಿಲ್ಲ, ಅವಧಿ ಮುಂದಕ್ಕೆ ಹೋಗುತ್ತದೆ, ಶುಲ್ಕ ಕಟ್ಟಬೇಕು. ಆ್ಯಂಟಿವೈರಸ್ ಕೊಂಡವರಿಗೆ ಪ್ರತಿ ವರ್ಷ ಬರುವ ಸೂಚನೆಯೂ ಇದೇ ಅರ್ಥದ್ದು. ನಮ್ಮ ಕಡೆ ಈ ಪದಕ್ಕೆ ಇನ್ನೊಂದು ದೊಡ್ಡ ಅರ್ಥವಿದೆ. ‘ನವೀಕರಣ, ಪುನಃಪ್ರತಿಷ್ಠೆ, ಬ್ರಹ್ಮಕಲಶ’ ಎಂಬ ಫಲಕ ಕಾಣದ ದಾರಿ ಕಾಸರಗೋಡಿನಲ್ಲಿ ಕಡಿಮೆ. 2025ರಲ್ಲಿ ಮಧೂರು ದೇವಸ್ಥಾನದ ಬ್ರಹ್ಮಕಲಶ ನಡೆದಾಗ ಈ ಪದ ಎಲ್ಲರ ಬಾಯಲ್ಲೂ ಇತ್ತು. ಅಲ್ಲಿ ನವೀಕರಣವೆಂದರೆ ಹಳೆಯ ಮಾಡು ಬಿಚ್ಚಿ, ಮರ ಕೆತ್ತಿಸಿ, ಸಮಿತಿ ಕಟ್ಟಿ, ವರ್ಷಗಟ್ಟಲೆ ನಡೆಸುವ ಕೆಲಸ. ಒಂದು ಅರ್ಥದಲ್ಲಿ ಏನೂ ಬದಲಾಗದು, ಇನ್ನೊಂದರಲ್ಲಿ ಎಲ್ಲವೂ ಬದಲಾಗುತ್ತದೆ. ಆಪ್ಟ್‌ನ ಕೆಲಸ ಎರಡರಲ್ಲೂ ಇಲ್ಲ. ಬೇಕಿದ್ದರೆ ಮೂರನೆಯ ಕೆಲಸಕ್ಕೆ, ಅಂದರೆ ಬಿಡುಗಡೆಯನ್ನೇ ಬದಲಿಸುವುದಕ್ಕೆ, ದೇವಸ್ಥಾನದ ನವೀಕರಣ ಹತ್ತಿರ ಬರುತ್ತದೆ.

ಹಾಗಾದರೆ ಇಂಗ್ಲಿಷ್ ಪದಗಳನ್ನೇ ಇಟ್ಟುಕೊಳ್ಳೋಣ ಎನ್ನುವವರು ಈ ಬಳಗದಲ್ಲಿ ಇದ್ದಾರೆ. ಅಪ್‌ಡೇಟ್, ಅಪ್‌ಗ್ರೇಡ್ ಎರಡೂ ಕನ್ನಡದ ಪತ್ರಿಕೆಗಳಲ್ಲಿ ನೆಲೆಯೂರಿವೆ ಎಂಬುದು ಅವರ ವಾದ. ನೆಲೆಯೂರಿರುವುದು ಹೌದು, ಆದರೆ ಅರ್ಥ ನೆಲೆಯೂರಿಲ್ಲ. ಆಧಾರ್ ಅಪ್‌ಡೇಟ್ ಎಂದರೆ ಕೇರಳದ ಸೇವಾ ಕೇಂದ್ರವಾದ ಅಕ್ಷಯಕ್ಕೆ ಹೋಗಿ ವಿಳಾಸ ತಿದ್ದಿಸುವುದು. ಮೊಬೈಲ್ ಅಪ್‌ಡೇಟ್ ಎಂದರೆ ರಾತ್ರಿ ಚಾರ್ಜಿಗೆ ಇಟ್ಟಾಗ ತಾನಾಗಿ ಆಗುವಂಥದ್ದು. ತಂತ್ರಜ್ಞರಲ್ಲೂ ಒಮ್ಮತವಿಲ್ಲ. ಆಪ್ಟ್ ಹುಟ್ಟಿದ್ದು ಡೆಬಿಯನ್ ಬಳಗದಲ್ಲಿ, 1999ರ ಡೆಬಿಯನ್ 2.1ರ ಜೊತೆಗೆ ಬಳಕೆಗೆ ಬಂತು. ಪಟ್ಟಿ ತರುವುದನ್ನು ಅಪ್‌ಡೇಟ್ ಎಂದು ಕರೆದದ್ದು ಅವರ ರೂಢಿ. ಫೆಡೋರ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಆಪ್ಟ್‌ನ ಕೆಲಸ ಮಾಡುವ ಡಿಎನ್‌ಎಫ್‌ಗೆ ಅಪ್‌ಡೇಟ್ ಎಂಬುದು ಅಪ್‌ಗ್ರೇಡ್‌ಗೆ ಇನ್ನೊಂದು ಹೆಸರು ಮಾತ್ರ. ಸಾಫ್ಟ್‌ವೇರ್ ಹಾಕುವ ಉಬುಂಟುವಿನ ಇನ್ನೊಂದು ಏರ್ಪಾಡಾದ ಸ್ನ್ಯಾಪ್ ಇವೆರಡನ್ನೂ ಬಿಟ್ಟು ‘ರಿಫ್ರೆಶ್’ ಎನ್ನುತ್ತದೆ, ದಿನಕ್ಕೆ ನಾಲ್ಕು ಬಾರಿ ತಾನೇ ನೋಡಿಕೊಳ್ಳುತ್ತದೆ. 22.04ರಿಂದ ಈಚೆಗೆ ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಆಗಿ, ಆದ್ದರಿಂದ ಅದಕ್ಕೆ ಆಪ್ಟ್‌ನ ಹಂಗೇ ಇಲ್ಲ. ಇಂಗ್ಲಿಷಿನವರೇ ಹೀಗೆ ಮನಬಂದಂತೆ ಹೆಸರಿಟ್ಟಿರುವಾಗ ನಾವು ಆ ಪದಗಳನ್ನು ಹಿಡಿದು ಅನುವಾದಿಸಹೊರಟರೆ ಅವರ ಗೊಂದಲವೂ ಕನ್ನಡಕ್ಕೆ ಬರುತ್ತದೆ. ಕೆಲಸವನ್ನು ನೋಡಿ ಹೆಸರಿಡಬೇಕು ಎಂಬುದು ನನ್ನ ಹಟ.

ಅಪ್‌ಗ್ರೇಡ್‌ಗೆ ‘ಮೇಲ್ದರ್ಜೆಗೇರಿಸು’ ಬೇಡವೇ ಬೇಡ. ಕಿರಿಯ ಪ್ರಾಥಮಿಕ ಶಾಲೆಯನ್ನು ಹಿರಿಯ ಪ್ರಾಥಮಿಕವಾಗಿಸುವುದಕ್ಕೆ, ಆರೋಗ್ಯ ಕೇಂದ್ರವನ್ನು ದೊಡ್ಡ ಆಸ್ಪತ್ರೆಯಾಗಿಸುವುದಕ್ಕೆ ಪತ್ರಿಕೆಗಳು ಅದನ್ನು ಬಳಸುತ್ತವೆ, ಅಲ್ಲಿ ಅದು ಚೆನ್ನಾಗಿಯೇ ಕೂರುತ್ತದೆ. ಆಪ್ಟ್ ಅಪ್‌ಗ್ರೇಡ್‌ನಲ್ಲಿ ಯಾವ ದರ್ಜೆಯೂ ಏರುವುದಿಲ್ಲ. ಉಬುಂಟುವಿನ ಒಂದು ಬಿಡುಗಡೆಯೊಳಗೆ ಬರುವುದು ಬಹುಪಾಲು ಭದ್ರತೆಯ ಲೋಪ ಮುಚ್ಚುವ, ದೋಷ ತಿದ್ದುವ ಬದಲಾವಣೆಗಳು. ಲಿಬ್ರೆ ಆಫೀಸ್‌ನಲ್ಲಿ ಹೊಸ ಸೌಕರ್ಯ ಬಂದೀತೆಂದು ಕಾದವರಿಗೆ ನಿರಾಸೆಯಾಗುತ್ತದೆ.

ನೆರೆಯ ಭಾಷೆಗಳನ್ನೂ ಸ್ವಲ್ಪ ನೋಡಿದೆ. ಮಲಯಾಳದಲ್ಲಿ ‘ಪುತುಕ್ಕುಕ’ ಎಂಬ ಕ್ರಿಯಾಪದ ರೇಷನ್ ಕಾರ್ಡಿಗೂ ಮತದಾರರ ಪಟ್ಟಿಗೂ ಸಾಫ್ಟ್‌ವೇರಿಗೂ ಸಲ್ಲುತ್ತದೆ. ಅಚ್ಚ ಪದ, ಚಿಕ್ಕದು, ಆದರೆ ಗೊಂದಲ ನಮ್ಮದೇ. ತಮಿಳಿನವರು ಅಪ್‌ಡೇಟ್‌ಗೆ ‘ಪುದುಪ್ಪಿ’, ಅಪ್‌ಗ್ರೇಡ್‌ಗೆ ‘ಮೇಂಪಡುತ್ತು’ ಎಂದು ಬೇರ್ಪಡಿಸಿದ್ದಾರೆ. ಮರಾಠಿಯ ‘ಅದ್ಯಯಾವತ್’ ಕೇಳಲು ಗಂಭೀರ. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳ ಮೇಷ್ಟರು ಅದನ್ನು ಕನ್ನಡ ಮಾತಿನಲ್ಲಿ ತರುತ್ತಾರೆಯೇ ಎಂದು ತಿಳಿಯುವ ಆಸೆ ಇದೆ.

ನನ್ನ ಸಲಹೆ ಇಷ್ಟು. ಮೊದಲ ಕೆಲಸಕ್ಕೆ ‘ಪಟ್ಟಿ ಪರಿಷ್ಕರಿಸು’. ಮತದಾರರ ಪಟ್ಟಿಯ ಪರಿಷ್ಕರಣೆ ಎಂಬುದು ಹಳ್ಳಿಯ ಕೊನೆಯ ಮನೆಗೂ ಗೊತ್ತಿರುವ ಮಾತು. ಪಟ್ಟಿ ಬದಲಾಯಿತು, ಮನುಷ್ಯರು ಬದಲಾಗಲಿಲ್ಲ ಎಂಬ ಅರ್ಥ ಅದರೊಳಗೇ ಇದೆ. ‘ಪಟ್ಟಿ’ ಎಂಬ ಪದವನ್ನು ಮಾತ್ರ ಎಂದೂ ಬಿಡಬಾರದು. ಅದು ಬಿಟ್ಟುಹೋದಲ್ಲೇ ಎಡವಟ್ಟಾದದ್ದು. ಮೂರನೆಯ ಕೆಲಸಕ್ಕೆ ‘ಆವೃತ್ತಿ ಬದಲಿಸು’. ಇದಕ್ಕೆ ಪುಸ್ತಕದವರ ಬೆಂಬಲವಿದೆ. ಕನ್ನಡ ಪ್ರಕಾಶನದಲ್ಲಿ ಮುದ್ರಣ ಬೇರೆ, ಆವೃತ್ತಿ ಬೇರೆ. ಅಚ್ಚಿನ ತಪ್ಪು ತಿದ್ದಿ ಮತ್ತೆ ಅಚ್ಚು ಹಾಕಿದರೆ ಎರಡನೆಯ ಮುದ್ರಣ. ಅಧ್ಯಾಯ ಸೇರಿಸಿ ಬದಲಿಸಿದರೆ ಎರಡನೆಯ ಆವೃತ್ತಿ. ಹಾಗೆ ನೋಡಿದರೆ 22.04, 24.04 ಆವೃತ್ತಿಗಳಾಗುತ್ತವೆ. ಮೇಲೆ ಪ್ಯಾಕೇಜ್‌ಗೂ ನಾನು ‘ಆವೃತ್ತಿ’ ಎಂದಿದ್ದೇನಲ್ಲ ಎಂದು ಯಾರಾದರೂ ಹಿಡಿಯುವ ಮೊದಲೇ ಹೇಳಿಬಿಡುತ್ತೇನೆ: ಕೈಪಿಡಿಯಲ್ಲಿ ಆ ಜಾಗದಲ್ಲಿ ‘ಸಂಖ್ಯೆ’ ಎಂದಷ್ಟೇ ಹಾಕಲಾಗುತ್ತದೆ. ಆವೃತ್ತಿ ಬದಲಿಸುವ ಮೊದಲು ಕಡತಗಳ ಪ್ರತಿ ತೆಗೆದಿಡಬೇಕು ಎಂಬ ಎಚ್ಚರಿಕೆ ದಪ್ಪ ಅಕ್ಷರದಲ್ಲಿ ಇರುತ್ತದೆ. ಶಾಲೆಯ ಯಂತ್ರವಾದರೆ ಮನೆಯಲ್ಲಿ ಕಲಿತದ್ದನ್ನು ಅಲ್ಲಿ ಪ್ರಯೋಗಿಸಲೇಬಾರದು. ಪಾಠದ, ಪರೀಕ್ಷೆಯ ಸಾಫ್ಟ್‌ವೇರ್ ಅದೇ ಆವೃತ್ತಿಯನ್ನು ನಂಬಿ ಕೂತಿರುತ್ತದೆ.

ಉಳಿದದ್ದು ನಡುವಿನದು. ‘ತೇಪೆ ಹಾಕು’ ಅರ್ಥಕ್ಕೆ ಸರಿ, ಆದರೆ ಕನ್ನಡದಲ್ಲಿ ತೇಪೆ ಹಚ್ಚುವುದು ಎಂದರೆ ಹುಳುಕನ್ನು ಮುಚ್ಚಿಡುವುದು. ‘ಹೊಸಗೊಳಿಸು’ ಕಿವಿಗೆ ಹಿತ, ಆದರೆ ನವೀಕರಿಸು ಎಂಬುದರ ಅಚ್ಚಗನ್ನಡ ರೂಪವಷ್ಟೇ. ಕಷ್ಟ ಹಾಗೆಯೇ ಉಳಿಯುತ್ತದೆ. ನನ್ನ ಒಲವು ‘ತಿದ್ದುಪಡಿ ಹಾಕು’ ಎಂಬುದರ ಕಡೆಗೆ. ಕಾಯ್ದೆ ಅದೇ ಇರುತ್ತದೆ, ತಿದ್ದುಪಡಿ ಬರುತ್ತದೆ, ಹಾಗೆಯೇ 22.04 ಅದೇ ಇರುತ್ತದೆ. ಕೈಪಿಡಿಯ ಕೆಲಸದಲ್ಲಿ ಜೊತೆಗಿರುವ ಹಿರಿಯರೊಬ್ಬರು ಒಪ್ಪುತ್ತಿಲ್ಲ. ತಿದ್ದುಪಡಿ ಎಂದ ಕೂಡಲೇ ಜನ ‘ತಪ್ಪಿರುವುದನ್ನು ಮೊದಲೇ ಯಾಕೆ ಕೊಟ್ಟಿರಿ?’ ಎನ್ನುತ್ತಾರಂತೆ. ಕೇಳಲಿ ಎನ್ನುತ್ತೇನೆ ನಾನು. ತಪ್ಪಿಲ್ಲದ ಸಾಫ್ಟ್‌ವೇರ್ ಯಾರಲ್ಲೂ ಇಲ್ಲ. ತೆರೆದಿಟ್ಟ ಸಾಫ್ಟ್‌ವೇರಿನಲ್ಲಿ ತಪ್ಪನ್ನೂ ತಿದ್ದಿದ್ದನ್ನೂ ಯಾರು ಬೇಕಾದರೂ ನೋಡಬಹುದು. ಆದರೂ ಕೈಪಿಡಿ ಓದುವವರು ಹೊಸಬರು, ಹೆದರಿಸಬಾರದು ಎಂಬ ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಇದರ ಜೊತೆಗೇ ಬರುವ ಒಂದು ಚಿಲ್ಲರೆ ಪ್ರಶ್ನೆ. ಅಪ್‌ಗ್ರೇಡ್ ಕೊಟ್ಟಾಗ ಕೆಲವು ಪ್ಯಾಕೇಜ್‌ಗಳನ್ನು ಆಪ್ಟ್ ‘ಕೆಪ್ಟ್ ಬ್ಯಾಕ್’ (ಸದ್ಯಕ್ಕೆ ಹಾಕದೆ ಉಳಿಸಿದ್ದು) ಎಂದು ಬೇರೆಯಾಗಿ ತೋರಿಸುತ್ತದೆ. ಅನೇಕ ಸಲ ಇದು ದೋಷವಲ್ಲ. ಉಬುಂಟು ಕೆಲವು ಬದಲಾವಣೆಗಳನ್ನು ಎಲ್ಲ ಯಂತ್ರಗಳಿಗೂ ಒಟ್ಟಿಗೆ ಕೊಡದೆ ಹಂತ ಹಂತವಾಗಿ ಬಿಡುತ್ತದೆ. ಮೊದಲು ಪಡೆದವರಲ್ಲಿ ತೊಂದರೆ ಕಂಡರೆ ಅಲ್ಲಿಗೇ ನಿಲ್ಲಿಸಬಹುದಲ್ಲ. ನಮ್ಮ ಸರದಿ ಬಂದಾಗ ತಾನಾಗಿ ಸಿಗುತ್ತದೆ. ಇದನ್ನು ‘ತಡೆಹಿಡಿಯಲಾಗಿದೆ’ ಎಂದು ಬರೆದರೆ ಸಂಬಳ ತಡೆಹಿಡಿದಂತೆ ಕೇಳಿಸುತ್ತದೆ, ಓದಿದವರು ಬಲವಂತವಾಗಿ ಹಾಕಲು ಹೊರಡುತ್ತಾರೆ. ‘ಸರದಿಯಲ್ಲಿದೆ’ ಆಗಬಹುದೇ?

‘ಬೆಂಬಲ ಮುಗಿಯಿತು’ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಅದರ ಮುಂದೆ ‘ಯಂತ್ರ ನಿಲ್ಲುವುದಿಲ್ಲ, ತಿದ್ದುಪಡಿ ನಿಲ್ಲುತ್ತದೆ’ ಎಂದು ಸೇರಿಸಿದರೆ ಸಾಕಾಗುತ್ತದೆ. ನೋಡಿ, ಇಲ್ಲಿ ತಿದ್ದುಪಡಿ ಎಷ್ಟು ಸಲೀಸಾಗಿ ಬಂತು.

ಕೈಪಿಡಿಯ ಆ ಭಾಗದ ಕರಡನ್ನು ಕೆಳಗೆ ಕೊಟ್ಟಿದ್ದೇನೆ. ಓದಿ ತಿದ್ದಿಕೊಡಿ:

‘ವಾರಕ್ಕೊಮ್ಮೆ ಮೊದಲು ಪಟ್ಟಿ ಪರಿಷ್ಕರಿಸಿ. ಇದರಿಂದ ನಿಮ್ಮ ಯಂತ್ರದ ಸಾಫ್ಟ್‌ವೇರ್ ಬದಲಾಗುವುದಿಲ್ಲ. ಕೂಡಲೇ ತಿದ್ದುಪಡಿ ಹಾಕಿ. ಮುಂದುವರಿಸಲೇ ಎಂದು ಯಂತ್ರ ಕೇಳಿದಾಗ ವೈ ಒತ್ತಿ. ಇದಕ್ಕೆ ಹಣ ಕೊಡಬೇಕಾಗಿಲ್ಲ. ನಡುವೆ ಕರೆಂಟು ಹೋದರೆ ಹೆದರಬೇಡಿ. ಮುಂದಿನ ಸಲ ಆಪ್ಟ್ ತಾನೇ ‘ಡಿಪಿಕೆಜಿ’ ಎಂಬ ಪದವಿರುವ ಒಂದು ಆದೇಶವನ್ನು ತೋರಿಸುತ್ತದೆ, ಅದನ್ನು ಇದ್ದಂತೆಯೇ ಟೈಪ್ ಮಾಡಿ. ಆವೃತ್ತಿ ಬದಲಿಸುವುದು ಬೇರೆ ಕೆಲಸ, ಅದಕ್ಕೆ ಹನ್ನೊಂದನೆಯ ಪುಟ ನೋಡಿ.’

‘ತಿದ್ದುಪಡಿ ಹಾಕಿ’ ಎಂಬಲ್ಲಿ ಬೇರೆ ಪದ ಹೊಳೆದವರು ಅದನ್ನು ಇದೇ ವಾಕ್ಯದಲ್ಲಿ ಇಟ್ಟು ಬರೆಯಿರಿ. ಪದ ಒಂದನ್ನೇ ಕಳುಹಿಸಿದರೆ ಅದು ಸಾಲಿನಲ್ಲಿ ಕೂರುತ್ತದೋ ಇಲ್ಲವೋ ತಿಳಿಯುವುದಿಲ್ಲ. ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ.

ಬದಿಯಡ್ಕದಿಂದ, ವಂದನೆಗಳೊಂದಿಗೆ.