ಸಹಾಯ ಬೇಕು: ಕಂಪ್ಯೂಟರ್‌ನ ಬಣ್ಣ ವಿಸಿಆರ್‌ಗೆ ಬರುತ್ತಿಲ್ಲ
ಎಲ್ಲರಿಗೂ ನಮಸ್ಕಾರ. ಹಳೆಯ ಹೋಮ್ ಕಂಪ್ಯೂಟರ್‌ನಲ್ಲಿ ನಾನು ಮಾಡಿದ ಆನಿಮೇಷನ್‌ಗಳನ್ನು ವಿಎಚ್‌ಎಸ್ ವಿಡಿಯೋ ಕ್ಯಾಸೆಟ್‌ಗೆ ರೆಕಾರ್ಡ್ ಮಾಡಬೇಕು. ಮಾನಿಟರ್‌ನಲ್ಲಿ ಬಣ್ಣ ಚೆನ್ನಾಗಿದೆ. ಕಾಂಪೊಸಿಟ್ ಔಟ್‌ನಿಂದ (ಇಡೀ ಚಿತ್ರ ಒಂದೇ ತಂತಿಯಲ್ಲಿ ಬರುವ ಪೋರ್ಟ್) ವಿಸಿಆರ್‌ಗೆ ಕೇಬಲ್ ಹಾಕಿದರೆ ಮಾತ್ರ ಬರೀ ಕಪ್ಪು-ಬಿಳುಪು. ಈ ಕಂಪ್ಯೂಟರ್‌ನ ಕಾಂಪೊಸಿಟ್ ಔಟ್‌ನಲ್ಲಿ ಬಣ್ಣದ ಸಿಗ್ನಲ್ಲೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಬಣ್ಣ ಇರುವುದು ಆರ್‌ಜಿಬಿ ಪೋರ್ಟ್‌ನಲ್ಲಿ, ಅಂದರೆ ಕೆಂಪು, ಹಸಿರು, ನೀಲಿ ಬೇರೆ ಬೇರೆ ತಂತಿಯಲ್ಲಿ ಬರುವ ಪೋರ್ಟ್‌ನಲ್ಲಿ.

ಈ ಪೋರ್ಟ್‌ನ ಸ್ಕ್ಯಾನ್ ವೇಗ (ಸೆಕೆಂಡಿಗೆ ಚಿತ್ರದ ಎಷ್ಟು ಗೆರೆ ಬರುತ್ತವೆ ಅನ್ನುವುದು) ಟಿವಿಯಷ್ಟೇ, ಸುಮಾರು 15.6 ಕಿಲೋಹರ್ಟ್ಸ್. ಪಿಸಿಗಳ ವಿಜಿಎ ಪೋರ್ಟ್ ಥರ 31.5 ಅಲ್ಲ. ಹಾಗಾಗಿ ಈ ವೇಗ ಬದಲಿಸುವ ಸ್ಕ್ಯಾನ್ ಕನ್ವರ್ಟರ್ ಬೇಡ, ಆರ್‌ಜಿಬಿಯನ್ನು ಪಾಲ್‌ಗೆ (ಟಿವಿಯ ಬಣ್ಣದ ಸಿಗ್ನಲ್ ಪದ್ಧತಿ) ಬದಲಿಸುವ ಎನ್‌ಕೋಡರ್ ಸಾಕು, ಅಲ್ವಾ? ಈ ಕೆಲಸ ಮಾಡುವ ಎಡಿ724 ಚಿಪ್ ಇರುವ ಬೋರ್ಡ್ ಯಾರಾದರೂ ಬಳಸಿದ್ದೀರಾ? ವಿಎಚ್‌ಎಸ್‌ನಲ್ಲಿ ಬಣ್ಣದ ವಿವರ ತುಂಬಾ ಕಡಿಮೆ ಉಳಿಯುತ್ತದೆ, ಕೆಂಪು ಅಕ್ಷರಗಳು ಜಾಸ್ತಿ ಹರಡುತ್ತವೆ. ಯಾವ ಬಣ್ಣ ಇಟ್ಟರೆ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಎಷ್ಟೋ ರಾತ್ರಿ ಕೂತು ಮಾಡಿದ ಕೆಲಸ ಇದು, ಬಣ್ಣದಲ್ಲೇ ಉಳಿಯಬೇಕು.