ಅಪ್‌ಡೇಟ್: ಸೋದರಮಾವನ ಥಾಯ್ಲೆಂಡ್ ವೀಸಾ ವಿಸ್ತರಣೆ ಆಯಿತು

ಧಾರವಾಡ ಬಿಟ್ಟು ಚಿಯಾಂಗ್ ಮಾಯ್‌ನಲ್ಲಿ ನೆಲೆಸಿರುವ ಸೋದರಮಾವನ ನಿವೃತ್ತಿ ವೀಸಾ ವಿಸ್ತರಣೆಗೆ ಆರೋಗ್ಯ ವಿಮೆ ಬೇಕೇ ಎಂದು ಕೇಳಿದ್ದೆನಲ್ಲ, ಕೆಲಸ ಆಯಿತು. ಮೊದಲು ಪಾಸ್‌ಪೋರ್ಟಿನ ಮುದ್ರೆಯಲ್ಲಿ ವೀಸಾ ಯಾವ ಬಗೆಯದೆಂದು ನೋಡಿ ಎಂದವರಿಗೆ ಶರಣು. 30 ಲಕ್ಷ ಬಾತ್ (ಥಾಯ್ ಹಣ) ಆರೋಗ್ಯ ವಿಮೆಯ ಷರತ್ತು ‘ಓ-ಎ’ ಎಂಬ ಬಗೆಯ ವೀಸಾದವರಿಗೆ. ಮಾವನದು ಬರೀ ‘ಓ’. ವಿಮೆಯ ಮಾತೇ ಬರಲಿಲ್ಲ. ಖಾತೆಯಲ್ಲಿ ಎರಡು ತಿಂಗಳಿಂದ ಕದಲದೆ ಕುಳಿತಿದ್ದ 8 ಲಕ್ಷ ಬಾತ್, ಬ್ಯಾಂಕಿನ ಪತ್ರ, 1,900 ಬಾತ್ ಶುಲ್ಕ ಮುಖ್ಯವಾದವು. ಖಾತೆಯ ಲೆಕ್ಕ ಅಂದಿನವರೆಗಿನದೆಂದು ತೋರಿಸಲು, ಅರ್ಜಿ ಕೊಡುವ ದಿನ ಬೆಳಿಗ್ಗೆಯೇ 100 ಬಾತ್ ಜಮಾ ಮಾಡಿ ಪಾಸ್‌ಬುಕ್ಕಿನಲ್ಲಿ ಹೊಸ ಸಾಲು ಮುದ್ರಿಸಿಕೊಂಡು ಹೋಗಿದ್ದರು. ಅಧಿಕಾರಿ ಬೆರಳಿಟ್ಟು ನೋಡಿದ್ದು ಆ ಸಾಲನ್ನೇ.

ಮಾವನ ಹುಬ್ಬಳ್ಳಿಯ ಆರೋಗ್ಯ ವಿಮೆ ಪಾಲಿಸಿಯನ್ನೇ ತೋರಿಸಿ ಎಂಬ ಸಲಹೆ ಹೇಗೂ ನಡೆಯುವಂತಿರಲಿಲ್ಲ, ಅದು ಭಾರತದೊಳಗಿನ ಚಿಕಿತ್ಸೆಗೆ ಮಾತ್ರ.

ಗೊತ್ತೇ ಇರದ ಸಂಗತಿ: ಮರುಪ್ರವೇಶ ಪರವಾನಗಿ ಇಲ್ಲದೆ ದೇಶ ಬಿಟ್ಟರೆ ವಿಸ್ತರಣೆಯೇ ರದ್ದು. ಗದಗಿನ ಮದುವೆಗೆ ಬರಬೇಕಿರುವ ಮಾವ 1,000 ಬಾತ್ ಕೊಟ್ಟು ಅದನ್ನೂ ಮಾಡಿಸಿಕೊಂಡಿದ್ದಾರೆ.