ಬಿಸಿಜಿ ಹಾಕುವಾಗಲೇ ನವಜಾತ ಶಿಶುವಿಗೆ ವಿಟಮಿನ್ ಎ ಕೊಡಬಹುದೇ?

ಲಸಿಕೆಪಾಠ:
ಕಡಿಮೆ ಆದಾಯದ ದೇಶಗಳ ಹೆರಿಗೆ ಕೇಂದ್ರಗಳಲ್ಲಿ ಕೆಲಸ ಮಾಡುವ ದಾದಿಯರಿಗೆ ತರಬೇತಿ ಟಿಪ್ಪಣಿ ಬರೆಯುತ್ತಿದ್ದೇನೆ. ಮಗು ಹುಟ್ಟಿದ ಕೂಡಲೇ ಬಿಸಿಜಿ (ಕ್ಷಯದ ಲಸಿಕೆ), ಪೋಲಿಯೊ ಹನಿ, ಹೆಪಟೈಟಿಸ್ ಬಿ ಹೇಗೂ ಆಗುತ್ತದೆ. ಜೊತೆಗೆ 50,000 ಐಯು (ಅಂತರರಾಷ್ಟ್ರೀಯ ಯೂನಿಟ್) ವಿಟಮಿನ್ ಎ ಬಾಯಿಗೆ ಹಾಕಿಬಿಟ್ಟರೆ ಆಗದೇ? ಹಳೆಯ ಕೈಪಿಡಿಗಳಲ್ಲಿ ಈ ಪ್ರಮಾಣ ಇದೆ, ಹೊಸದರಲ್ಲಿ ಕಾಣುತ್ತಿಲ್ಲ. ಹಾಗಾದರೆ ಹುಟ್ಟಿದ ದಿನ ಕೊಡಲೇಬೇಕಾದ ವಿಟಮಿನ್ ಯಾವುದು?

ಅಂಕಿಅಂಶ:
ಬೇಡ. ನವಜಾತ ಶಿಶುಗಳಿಗೂ 1ರಿಂದ 5 ತಿಂಗಳ ಕೂಸುಗಳಿಗೂ ಸಾಮೂಹಿಕವಾಗಿ ವಿಟಮಿನ್ ಎ ಕೊಡಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ. ಬಾಣಂತಿಗೆ ಕೊಡುತ್ತಿದ್ದ ದೊಡ್ಡ ಡೋಸನ್ನೂ ಆಗಲೇ ಕೈಬಿಟ್ಟಿತು.

ಆಸೆ ಹುಟ್ಟಿದ್ದಕ್ಕೆ ಕಾರಣವಿತ್ತು. ಇಂಡೋನೇಷ್ಯಾ, ತಮಿಳುನಾಡು, ಬಾಂಗ್ಲಾದೇಶಗಳ ಪ್ರಯೋಗಗಳಲ್ಲಿ ಶಿಶುಮರಣ ಇಳಿದಿತ್ತು. ಬಾಂಗ್ಲಾದೇಶದಲ್ಲಿ ಸುಮಾರು ಶೇ. 15ರಷ್ಟು. ಆಫ್ರಿಕಾದಲ್ಲಿ ಹಾಗಾಗಲಿಲ್ಲ. ನೀವು ಕೇಳುತ್ತಿರುವುದನ್ನೇ, ಅಂದರೆ ಬಿಸಿಜಿ ಜೊತೆ 50,000 ಐಯು ಕೊಡುವುದನ್ನು, ಗಿನಿ-ಬಿಸಾವ್‌ನಲ್ಲಿ ಪರೀಕ್ಷಿಸಿದರು. 2008ರಲ್ಲಿ ಬಂದ ಫಲಿತಾಂಶದಲ್ಲಿ ಒಟ್ಟಾರೆ ಲಾಭವಿರಲಿಲ್ಲ. ಗಂಡುಮಕ್ಕಳಲ್ಲಿ ಸಾವು ತುಸು ಕಡಿಮೆ, ಹೆಣ್ಣುಮಕ್ಕಳಲ್ಲಿ ತುಸು ಹೆಚ್ಚು ಕಂಡಿತು. ಮುಂದೆ ಹಾಕುವ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಲಸಿಕೆಯೊಂದಿಗೆ ಇದಕ್ಕೆ ನಂಟಿದೆ ಎಂಬ ವಾದ ಅಲ್ಲಿಂದ ಬೆಳೆಯಿತು. ನನ್ನ ಮಟ್ಟಿಗೆ ಅದಿನ್ನೂ ಊಹೆಯೇ; ತರಬೇತಿ ಟಿಪ್ಪಣಿಗೆ ತರಬೇಡಿ. ಘಾನಾ, ಟಾಂಜಾನಿಯಾ ಮತ್ತು ಹರಿಯಾಣದಲ್ಲಿ ಒಟ್ಟು ಸುಮಾರು 1 ಲಕ್ಷ ಶಿಶುಗಳ ಮೇಲೆ ನಡೆದ ಮೂರು ದೊಡ್ಡ ಪ್ರಯೋಗಗಳು ಆಮೇಲೆ ಬಂದವು. ಆಫ್ರಿಕಾದ ಎರಡರಲ್ಲೂ ಲಾಭವಿಲ್ಲ, ಹರಿಯಾಣದಲ್ಲಿ ಅಲ್ಪಸ್ವಲ್ಪ. ತಾಯಂದಿರಲ್ಲೇ ಕೊರತೆ ತೀವ್ರವಾಗಿರುವ ಕಡೆ ಮಾತ್ರ ಕೂಸಿಗೆ ಉಪಯೋಗವಾಗಬಹುದು ಎಂಬುದು ಈ ವ್ಯತ್ಯಾಸಕ್ಕೆ ಕೊಡುವ ವಿವರಣೆ.

ಇನ್ನೊಂದು ತೊಡಕೂ ಇದೆ. ಈ ಡೋಸಿನಿಂದ ಕೆಲವು ಕೂಸುಗಳ ನೆತ್ತಿ ಉಬ್ಬುತ್ತದೆ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ, ಆದರೆ ಅಷ್ಟರಲ್ಲಿ ಮಿದುಳು ಪೊರೆಯ ಸೋಂಕೇನೋ ಎಂಬ ಗಾಬರಿ ಶುರುವಾಗಿರುತ್ತದೆ.

ಹಳೆಯ ಕೈಪಿಡಿಯ 50,000 ಐಯು ಎದೆಹಾಲು ಸಿಗದ, 6 ತಿಂಗಳೊಳಗಿನ ಕೂಸುಗಳಿಗೆ ಹೇಳಿದ್ದು. ದಡಾರ ಬಂದ ಆ ವಯಸ್ಸಿನ ಕೂಸಿಗೆ ಚಿಕಿತ್ಸೆಯಾಗಿ ಇಂದಿಗೂ ಅದೇ ಪ್ರಮಾಣವನ್ನು ಎರಡು ದಿನ ಸತತ ಕೊಡುತ್ತಾರೆ. ಅದು ಚಿಕಿತ್ಸೆಯ ಡೋಸ್, ತಡೆಗಟ್ಟುವ ಡೋಸ್ ಅಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಬೇಡಿ.

ಹೆರಿಗೆಕೋಣೆ:
ಅಂದು ಕೊಡಲೇಬೇಕಾದದ್ದು ವಿಟಮಿನ್ ಕೆ. ಗರ್ಭದಲ್ಲಿ ಇದು ಕೂಸಿಗೆ ದಾಟುವುದು ಕಡಿಮೆ, ಎದೆಹಾಲಿನಲ್ಲಿ ಇರುವುದೂ ಕಡಿಮೆ. ಕೊಡದಿದ್ದರೆ ಮೊದಲ ವಾರದಲ್ಲಿ ಹೊಕ್ಕುಳಿನಿಂದಲೋ ಕರುಳಿನಿಂದಲೋ ರಕ್ತ ಹೋಗಬಹುದು. ಅದಕ್ಕಿಂತ ಭಯಂಕರವಾದದ್ದು 2 ವಾರ ಕಳೆದ ಮೇಲೆ ಬರುವುದು, ಅದು ಬಹುಪಾಲು ತಲೆಯೊಳಗಿನ ರಕ್ತಸ್ರಾವ.

ಪೂರ್ಣ ಅವಧಿಯ ಕೂಸಿಗೆ 1 ಮಿ.ಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಅವಧಿಗೆ ಮುಂಚೆ ಹುಟ್ಟಿದ್ದರೆ ಪ್ರತಿ ಕೆ.ಜಿ.ಗೆ 0.4 ಮಿ.ಗ್ರಾಂ, ಗರಿಷ್ಠ 1 ಮಿ.ಗ್ರಾಂ. ಮೊದಲ ಗಂಟೆ ತಾಯಿಯ ಎದೆಯ ಮೇಲೆ ಮಲಗಿ ಹಾಲು ಕುಡಿಯಲಿ, ಸೂಜಿ ಆಮೇಲೆ.

ತಪ್ಪು ಆಗುವುದು ಆಂಪೂಲ್ (ಮದ್ದಿನ ಪುಟ್ಟ ಗಾಜಿನ ಸೀಸೆ) ಒಡೆಯುವಾಗ. 1 ಮಿ.ಲೀ.ಗೆ 1 ಮಿ.ಗ್ರಾಂ ಇರುವುದೂ ಸಿಗುತ್ತದೆ, 10 ಮಿ.ಗ್ರಾಂ ಇರುವುದೂ ಸಿಗುತ್ತದೆ. ಎರಡನೆಯದರಲ್ಲಿ ತೆಗೆಯಬೇಕಾದ್ದು 0.1 ಮಿ.ಲೀ. ಮಾತ್ರ. ಇನ್ನೂ ಅಪಾಯದ್ದೆಂದರೆ, ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ತಾಯಿಗೆಂದು ಇಟ್ಟ ಎರ್ಗೊಮೆಟ್ರಿನ್ ಆಂಪೂಲನ್ನು ವಿಟಮಿನ್ ಕೆ ಎಂದುಕೊಂಡು ಕೂಸಿಗೆ ಚುಚ್ಚುವುದು. ಫಿಟ್ಸ್ ಬರುತ್ತದೆ, ಉಸಿರು ನಿಲ್ಲುತ್ತದೆ. ಇಂಥ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ತಾಯಿಯ ಮದ್ದಿಗೆ ಒಂದು ಟ್ರೇ, ಕೂಸಿನದಕ್ಕೆ ಬೇರೆ ಟ್ರೇ. ಚುಚ್ಚುವ ಮುನ್ನ ಹೆಸರು ಗಟ್ಟಿಯಾಗಿ ಓದಬೇಕು.

ಹೆಪಟೈಟಿಸ್ ಬಿ 0.5 ಮಿ.ಲೀ. ಇನ್ನೊಂದು ತೊಡೆಗೆ, 24 ಗಂಟೆಯೊಳಗೆ. ಎರಡನ್ನೂ ಒಂದೇ ಸಿರಿಂಜಿಗೆ ಎಳೆಯಕೂಡದು. ಒಂದೇ ತೊಡೆಗೆ ಹಾಕುವುದು ಅನಿವಾರ್ಯವಾದರೆ ನಡುವೆ 2.5 ಸೆಂ.ಮೀ. ಬಿಡಿ. ಬಿಸಿಜಿ 0.05 ಮಿ.ಲೀ. ಮೇಲ್ದೋಳಿನ ಚರ್ಮದೊಳಕ್ಕೆ, ಗುಳ್ಳೆ ಏಳದಿದ್ದರೆ ಸೂಜಿ ಆಳಕ್ಕೆ ಹೋಗಿದೆ ಎಂದರ್ಥ. ಅದರದೇ ದ್ರಾವಣದಲ್ಲಿ ಕಲಸಬೇಕು, 6 ಗಂಟೆ ಮೀರಿದರೆ ಚೆಲ್ಲಬೇಕು.

ಲಸಿಕೆಪಾಠ:
ಇಬ್ಬರಿಗೂ ಥ್ಯಾಂಕ್ಸ್. ವಿಟಮಿನ್ ಕೆ ಬಾಯಿಗೆ ಹಾಕಿದರೆ ಸಾಲದೇ? 5 ತಿಂಗಳವರೆಗೆ ವಿಟಮಿನ್ ಎ ಬೇಡ, 6 ತಿಂಗಳಿಗೆ ಕೊಡುವುದು ಅಂದರೆ, ಆಗ ಲಸಿಕೆಯೇ ಇರುವುದಿಲ್ಲವಲ್ಲ?

ಹೆರಿಗೆಕೋಣೆ:
ಬಾಯಿಯ ಡೋಸ್ ಒಂದು ಸಲಕ್ಕೆ ಮುಗಿಯುವುದಿಲ್ಲ. 2 ಮಿ.ಗ್ರಾಂನಂತೆ ಹುಟ್ಟಿದಾಗ, ಮೊದಲ ವಾರದ ಕೊನೆಗೆ, ತಿಂಗಳಿಗೆ, ಹೀಗೆ ಮೂರು ಸಲ. ಮನೆಗೆ ಹೋದ ತಾಯಿ ಮತ್ತೆ ಬರುವ ಭರವಸೆ ಇಲ್ಲದ ಕಡೆ ಸೂಜಿಯೇ ಸರಿ.

ಅಂಕಿಅಂಶ:
6 ತಿಂಗಳ ಪ್ರಶ್ನೆ ಸರಿಯಾಗಿದೆ. 14 ವಾರದ ಲಸಿಕೆ ಮುಗಿದರೆ ಬಹಳ ದೇಶಗಳಲ್ಲಿ ಮುಂದಿನದು 9 ತಿಂಗಳ ದಡಾರದ್ದೇ. ಹಾಗಾಗಿ ಅಲ್ಲಿಯೇ ಮೊದಲ 1,00,000 ಐಯು ಕೊಡುವುದು ರೂಢಿ. ಆ ವಯಸ್ಸಿನಲ್ಲಿ ಅದು ದಡಾರ ಲಸಿಕೆಗೆ ಅಡ್ಡಿಯಾಗುವುದಿಲ್ಲ. ಒಂದು ವರ್ಷದ ನಂತರ 4ರಿಂದ 6 ತಿಂಗಳಿಗೊಮ್ಮೆ 2,00,000 ಐಯು, 5 ವರ್ಷದವರೆಗೆ. ಇದೂ ಎಲ್ಲ ಕಡೆಗಲ್ಲ, ಕೊರತೆ ಸಾರ್ವಜನಿಕ ಸಮಸ್ಯೆಯಾಗಿರುವ ಕಡೆಗೆ ಮಾತ್ರ.

ನೀಲಿ ಕ್ಯಾಪ್ಸೂಲ್ 1,00,000, ಕೆಂಪು 2,00,000. ತುದಿ ಕತ್ತರಿಸಿ ಹನಿಗಳನ್ನು ಬಾಯಿಗೆ ಹಿಂಡಬೇಕು, ಇಡೀ ಕ್ಯಾಪ್ಸೂಲ್ ನುಂಗಿಸಬಾರದು. ಅಳುವ ಮಗುವಿನ ಮೂಗು ಹಿಡಿದು ಹಾಕಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಂಪು ಮಾತ್ರ ಇದ್ದರೆ ಒಂದನ್ನು ಹಿಂಡಿ ಹನಿ ಎಣಿಸಿಕೊಂಡು, 9 ತಿಂಗಳ ಮಗುವಿಗೆ ಅರ್ಧದಷ್ಟು ಹನಿ ಹಾಕಿ. ಹಾಕಿದ ತಾರೀಕು ಕಾರ್ಡಿನಲ್ಲಿ ಬರೆಯಿರಿ: ವಾರದ ಹಿಂದೆ ಅಭಿಯಾನದಲ್ಲಿ ಕೊಟ್ಟದ್ದು ಗೊತ್ತಿಲ್ಲದೆ ಲಸಿಕೆಯ ದಿನ ಮತ್ತೆ ಕೊಡುವುದು ಆಗುತ್ತಲೇ ಇರುತ್ತದೆ. ಎರಡು ಡೋಸ್‌ಗಳ ನಡುವೆ ಕನಿಷ್ಠ ಒಂದು ತಿಂಗಳಾದರೂ ಇರಬೇಕು.